ಕೆಂಚಜ್ಜನ ಗಡಿಗೆ ಮನೆ

ತಡೀರಿ, ಕೂಸನ್ನು ಈಗಲೇ ಜೋಲಿಗೆ ಹಾಕಬೇಡಿ. ಆ ಮಣ್ಣಿನ ಕುಡಿಕೆಯನ್ನು ಯಾಕೆ ತಂದಿಟ್ಟಿದ್ದೀರಿ ಅಂತ ನಿಮಗೆ ಗೊತ್ತಾ? ಗೊತ್ತಿಲ್ಲದೆ ಮಾಡಿದ ಶಾಸ್ತ್ರ ಉಪ್ಪಿಲ್ಲದ ಸಾರು. ಕೂತುಕೊಳ್ಳಿ, ಹೇಳುತ್ತೇನೆ. ಇದರಲ್ಲಿ ಸುಳ್ಳೇನಾದರೂ ಇದ್ದರೆ ಅದು ನನ್ನಜ್ಜಿಯದು, ಅವಳದಲ್ಲದಿದ್ದರೆ ಅವಳ ಅಜ್ಜಿಯದು.

ಬಲು ಹಿಂದೆ ಒಂದೂರಿತ್ತಂತೆ. ನೆರಳಿಗಿಂತ ಬಿಸಿಲೇ ಹೆಚ್ಚಿದ್ದ ಊರು. ಅಲ್ಲಿ ಕೆಂಚಪ್ಪ ಅಂತ ಒಬ್ಬ ಕುಂಬಾರನಿದ್ದನಂತೆ. ತಲೆ ನೆರೆತಿತ್ತು, ಹೆಂಡತಿ ತೀರಿಹೋಗಿದ್ದಳು, ಮಕ್ಕಳಾಗಿರಲಿಲ್ಲ. ಸಿಟ್ಟು ಮಾತ್ರ ಮೂಗಿನ ತುದಿಯಲ್ಲೇ. ಕೊಳ್ಳಲು ಬಂದವರು ಗಡಿಗೆಯನ್ನು ಹೆಚ್ಚು ಹೊತ್ತು ತಿರುಗಿಸಿ ನೋಡಿದರೆ ಕೈಯಿಂದ ಕಿತ್ತುಕೊಂಡು ಕಳಿಸಿಬಿಡುತ್ತಿದ್ದನಂತೆ. ಆದರೂ ಊರಿಗೆಲ್ಲ ಅವನು ಕೆಂಚಜ್ಜ.

ಅದೇ ಊರಿನಲ್ಲಿ ಕುರಿ ಕಾಯುವ ಬೋರಯ್ಯ, ಅವನ ಹೆಂಡತಿ ಕಾಟಮ್ಮ. ಒಂದು ಬೇಸಿಗೆಯ ಮಧ್ಯಾಹ್ನ ಕಾಟಮ್ಮ ನೀರಿಗೆ ಹೋಗಿದ್ದಾಗ ಅವರ ಹುಲ್ಲಿನ ಗುಡಿಸಲಿಗೆ ಬೆಂಕಿ ಬಿತ್ತು. ಒಳಗೆ ತೊಲೆಗೆ ಕಟ್ಟಿದ ಜೋಲಿಯಲ್ಲಿ ಅವಳ ಚೊಚ್ಚಲ ಕೂಸು ಮಲಗಿತ್ತು. ಆ ಮಾತನ್ನು ನಾನು ಹೆಚ್ಚು ಬೆಳೆಸುವುದಿಲ್ಲ, ಕೂಸಿರುವ ಮನೆ ಇದು.

ಅವತ್ತಿನಿಂದ ಕಾಟಮ್ಮ ಯಾರ ಮನೆಯೊಳಗೂ ಕಾಲಿಡಲಿಲ್ಲವಂತೆ. ಊರಿನ ಮನೆಗಳಿಗೆಲ್ಲ ಹುಲ್ಲಿನ ಸೂರು, ಮರದ ತೊಲೆ. ಉರಿಯುವ ಸೂರಿನ ಕೆಳಗೆ ಬರುವುದಿಲ್ಲ ಅಂದುಬಿಟ್ಟಳು. ಬೇವಿನ ಮರದ ಬುಡವೇ ಅವಳಿಗೆ ಮನೆಯಾಯಿತು. ಮರುವರ್ಷ ಮತ್ತೆ ಬಸುರಾದಳು. ಮಳೆಯೂ ಹೆರಿಗೆಯೂ ಒಂದೇ ತಿಂಗಳಿಗೆ ಬೀಳುವಂತಿದ್ದವು. ಬಯಲಲ್ಲಿ ಹೆತ್ತರೆ ಮಳೆಗೆ ಕೂಸು ಉಳಿಯುವುದಿಲ್ಲ ಅಂತ ಸೂಲಗಿತ್ತಿ ಹೊನ್ನಕ್ಕ ಹೇಳಿದಳು. ಬೋರಯ್ಯ ಬೇಡಿಕೊಂಡ, ಬೈದ, ಕೊನೆಗೆ ಅತ್ತೂ ನೋಡಿದ. ಅವಳು ಅಲ್ಲಾಡಲಿಲ್ಲ.

ಗಡಿಗೆ ಹೊತ್ತು ಆ ದಾರಿಯಲ್ಲಿ ಬಂದ ಕೆಂಚಜ್ಜ ಇದನ್ನೆಲ್ಲ ಕೇಳಿದ. ಹೊರೆ ಇಳಿಸಿ, ಒಂದು ಗಡಿಗೆಯನ್ನು ಅವಳ ಮುಂದಿಟ್ಟನಂತೆ.

"ಒಂದ್ಸಲ ಬೆಂದಿದ್ದು ಮತ್ತೆ ಉರಿಯಲ್ಲ ಕಣವ್ವ. ಇದ್ರಾಗೇ ನಿಂಗೆ ಮನೆ ಕಟ್ಟಿಕೊಡ್ತೀನಿ."

ಕಾಟಮ್ಮ ಆ ಗಡಿಗೆಯನ್ನು ಎತ್ತಿಕೊಂಡು ತುಂಬಾ ಹೊತ್ತು ತಿರುಗಿಸಿ ತಿರುಗಿಸಿ ನೋಡಿದಳಂತೆ. ಅಜ್ಜ ಕಿತ್ತುಕೊಳ್ಳಲಿಲ್ಲ.

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅಂತಾರೆ. ಮನೆ ಕಟ್ಟಿ ನೋಡದ, ಮದುವೆ ಮಾಡಲು ಮಕ್ಕಳೂ ಇಲ್ಲದ ಕೆಂಚಜ್ಜ ಊರಿಗೆ ಊರನ್ನೇ ದುಡಿಸಿದನಂತೆ. ಕೆರೆಮಣ್ಣು ತರುವ ಎತ್ತುಗಳು ಯಾರವು, ರಾಗಿ ಹೊಟ್ಟು ಬೆರೆಸಿ ತುಳಿಯುವವರು ಯಾರು, ನೀರು ಹೊರುವವರು ಯಾರು, ಎಲ್ಲ ಅವನೇ ಗೊತ್ತುಮಾಡಿದ. ದಿನಕ್ಕೆ ಮೊಳದೆತ್ತರ ಗೋಡೆ. ಅದು ಒಣಗುವ ಮೊದಲೇ ಮೇಲೆ ಒಂದು ಮುದ್ದೆ ಮಣ್ಣಿಟ್ಟವನಿಗೂ ಬೈಗುಳ ತಪ್ಪುತ್ತಿರಲಿಲ್ಲ. ಮನೆಮನೆಯಿಂದ ಹಳೇ ಗಡಿಗೆ ತರಿಸಿ ಬೆರಳಿನ ಗೆಣ್ಣಿನಿಂದ ತಟ್ಟುತ್ತಿದ್ದನಂತೆ. ಒಡಕು ದನಿಯದು ಗೋಡೆಗೆ, ಕಣಕಣ ಅಂದದ್ದು ಸೂರಿಗೆ. ಅಷ್ಟೂ ಸಾಲದೆ ಸಂತೆಗೆ ಹೋಗುವುದನ್ನೇ ಬಿಟ್ಟು ಗಡಿಗೆ ಬೇಯಿಸುವ ಆವಿಗೆಯ ಮೇಲೆ ಆವಿಗೆ ಸುಟ್ಟ. ಸಾವಿರ ಗಡಿಗೆ ಅಂತಾರೆ ಕೆಲವರು, ಏಳುನೂರು ಅನ್ನುತ್ತಿದ್ದಳು ನನ್ನಜ್ಜಿ. ಎಣಿಸಿದವರು ಯಾರೂ ಇಲ್ಲ.

ಗೋಡೆ ಎದ್ದಿತು. ಆಮೇಲೆ ಅಜ್ಜ ಮಾಡಿದ್ದನ್ನು ನೋಡಿ ಊರೇ ನಕ್ಕಿತಂತೆ. ಮನೆಯೊಳಗೆಲ್ಲ ಮಣ್ಣು ತುಂಬಿಸಿದ, ಗೋಡೆಗಿಂತ ಮೇಲಕ್ಕೂ ಗುಡ್ಡೆ ಹಾಕಿಸಿದ. ಆ ಗುಡ್ಡೆಯ ಮೇಲೆ ಒಂದು ಗಡಿಗೆಯ ಬಾಯಿಗೆ ಇನ್ನೊಂದರ ತಳ ಸಿಕ್ಕಿಸಿ, ಸುಣ್ಣದ ಗಾರೆ ಮೆತ್ತಿ, ಸುತ್ತು ಸುತ್ತಾಗಿ ನೆತ್ತಿಯವರೆಗೆ ಕೂರಿಸಿದ. ಗಾರೆ ಬಿಗಿದ ಮೇಲೆ ಒಳಗಿನ ಮಣ್ಣು ತೆಗೆದರೆ ಸೂರು ತಾನಾಗಿ ನಿಲ್ಲುತ್ತದೆ ಅಂದನಂತೆ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಅಂತ ಜನ ಆಡಿಕೊಂಡರು.

ಮೋಡ ಕಟ್ಟಿತು. ಈಗಲೇ ಮಣ್ಣು ತೆಗೆದುಬಿಡೋಣ ಅಂತ ಬೋರಯ್ಯ ಸಲಿಕೆ ಹಿಡಿದು ಬಂದ. ಗಾರೆಗೆ ಇನ್ನೂ ನಾಲ್ಕು ದಿನ ಬೇಕು ಅಂತ ಅಜ್ಜ ಬಾಗಿಲಿಗೆ ಅಡ್ಡ ಕೂತ. ಮೂರನೆಯ ದಿನ ಮಳೆ ಬಂತು. ಅತ್ತ ಕಾಟಮ್ಮ ಬೇವಿನ ಕೆಳಗೆ ಕಂಬಳಿ ಹೊದ್ದು ನೆನೆದಳು, ಇತ್ತ ಅಜ್ಜ ಬಾಗಿಲಲ್ಲಿ ನೆನೆದ. ಎದ್ದು ದಾರಿ ಮಾತ್ರ ಬಿಡಲಿಲ್ಲ. ನಾಲ್ಕು ದಿನ ತುಂಬಿದ ಮೇಲೆ ಎಲ್ಲರನ್ನೂ ದೂರ ನಿಲ್ಲಿಸಿ, ಬಿದ್ದರೆ ನನ್ನೊಬ್ಬನ ಮೇಲೆ ಬೀಳಲಿ ಅಂತ ತಾನೇ ಬಾಗಿಲಿನಿಂದ ಅಗೆಯುತ್ತ ಒಳಗೆ ಹೋದನಂತೆ. ಬುಟ್ಟಿ ಬುಟ್ಟಿ ಮಣ್ಣು ಹೊರಗೆ ಬಂತು. ಮುದುಕ ಒಬ್ಬನೇ ಅಷ್ಟನ್ನೂ ಹೇಗೆ ತೆಗೆದ ಅಂತ ಕೇಳಬೇಡಿ, ಕತೆಯಲ್ಲಿ ಹಾಗೇ ಇದೆ. ಸೂರು ಬೀಳಲಿಲ್ಲ.

ಕಾಟಮ್ಮ ಹೊಸ್ತಿಲಲ್ಲಿ ನಿಂತು ಮೇಲೆ ನೋಡಿದಳು. ಹುಲ್ಲಿಲ್ಲ, ಮರವಿಲ್ಲ. ಒಳಗೆ ಬಂದಳು. ಐದು ದಿನಕ್ಕೆ ಅಲ್ಲೇ ಹೆಣ್ಣು ಕೂಸು ಹೆತ್ತಳು.

ಕತೆ ಇಲ್ಲಿಗೇ ಮುಗಿಯಬೇಕಿತ್ತು. ಆದರೆ ನೆಲ ಇನ್ನೂ ಹಸಿ, ಮಳೆಗಾಲದ ಚೇಳು ಬೇರೆ. ಕಾಟಮ್ಮ ಕೂಸನ್ನು ಮಡಿಲಿನಿಂದ ಕೆಳಗಿಡಲೇ ಇಲ್ಲ. ಹೊನ್ನಕ್ಕ ಸೊಂಟದ ಮೇಲೆ ಕೈಯಿಟ್ಟು ತೊಲೆಯಿಲ್ಲದ ಸೂರು ನೋಡಿದಳಂತೆ.

"ಎಲ್ಲಾ ಸರಿ ಕಣಜ್ಜ, ಜೋಲಿ ಎಲ್ಲಿಗೆ ಕಟ್ಟಾದು?"

ಅಜ್ಜ ಬೆಂಕಿಗೆ ಯೋಚಿಸಿದ್ದ, ಮಳೆಗೆ ಯೋಚಿಸಿದ್ದ, ಜೋಲಿಯನ್ನು ಮರೆತಿದ್ದ. ಅವನ ಮನೆಯಲ್ಲಿ ಯಾವತ್ತೂ ಜೋಲಿ ಕಟ್ಟಿರಲಿಲ್ಲ ನೋಡಿ, ನೆನಪಾದರೂ ಹೇಗಾಗಬೇಕು? ಪಾಪ, ಗಡಿಗೆ ಮಾಡುವ ತಿಗರಿಯ ಮುಂದೆ ಕೂತು ಮುದುಕ ಅತ್ತನಂತೆ. ಅಳುತ್ತಲೇ ದಪ್ಪ ತಳದ ಒಂದು ಗಡಿಗೆ ಮಾಡಿ, ತಳಕ್ಕೆ ತೂತು ಬಿಟ್ಟು ಸುಟ್ಟ. ಸೂರಿನ ನೆತ್ತಿಯ ಗಡಿಗೆ ಬಿಡಿಸಿ ಇದನ್ನು ಕೂರಿಸಿದ. ತೂತಿನಿಂದ ಹಗ್ಗ ಕೆಳಗೆ ಇಳಿಬಿಟ್ಟು, ಮೇಲಿನ ತುದಿಯನ್ನು ಗಡಿಗೆಯೊಳಗೆ ಒಂದು ಗುಂಡುಕಲ್ಲಿಗೆ ಬಿಗಿದು ಗಾರೆ ಮೆತ್ತಿದ. ಅದು ಬಿಗಿಯುವವರೆಗೂ ಕೂಸು ಮಡಿಲಲ್ಲೇ ಬೆಳೆಯಿತು.

ಜೋಲಿ ಕಟ್ಟಿದರು. ಅದನ್ನು ನೋಡಿ ಕಾಟಮ್ಮ ಕೂಸನ್ನು ಇನ್ನೂ ಬಿಗಿಯಾಗಿ ಅಪ್ಪಿಕೊಂಡಳು. ಮೊದಲ ಕೂಸನ್ನು ಮಲಗಿಸಿ ಹೋದದ್ದೂ ಜೋಲಿಯಲ್ಲೇ ಅಲ್ಲವೇ? ಯಾರು ಹೇಳಿದರೂ ಅವಳ ಕೈ ಸಡಿಲವಾಗಲಿಲ್ಲ.

ಆಗ ಕೆಂಚಜ್ಜ ಕಾಲು ಮಡಚಿ ತಾನೇ ಆ ಜೋಲಿಯೊಳಗೆ ಕೂತುಬಿಟ್ಟನಂತೆ. ಮಂಡಿ ಗದ್ದಕ್ಕೆ ತಾಗಿತ್ತಂತೆ, ಬಿಳಿ ಮೀಸೆಯೊಂದೇ ಹೊರಗೆ ಕಾಣುತ್ತಿತ್ತಂತೆ. ತೂಗು ಅಂದ. ಕಾಟಮ್ಮ ಒಂದು ಕೈಯಲ್ಲಿ ಕೂಸನ್ನು ಹಿಡಿದು ಇನ್ನೊಂದು ಕೈಯಲ್ಲಿ ತೂಗಿದಳು. ಸೂರಿನಿಂದ ಒಂದು ಚೂರು ಗಾರೆಯೂ ಉದುರಲಿಲ್ಲ. ಅವಳು ತೂಗುತ್ತಲೇ ಇದ್ದಳು. ತಿಂಗಳುಗಟ್ಟಲೆ ದಣಿದಿದ್ದ ಮುದುಕನಿಗೆ ಅಲ್ಲೇ ನಿದ್ದೆ ಹತ್ತಿ ಗೊರಕೆ ಶುರುವಾಯಿತಂತೆ. ಕಾಟಮ್ಮ ನಕ್ಕಳು. ಬೆಂಕಿ ಬಿದ್ದ ದಿನದಿಂದ ಅವಳು ನಕ್ಕದ್ದು ಅದೇ ಮೊದಲು. ಹೊನ್ನಕ್ಕ ಅಜ್ಜನನ್ನು ಎಬ್ಬಿಸಲು ಹೋದರೆ ಅವಳೇ ತಡೆದಳಂತೆ.

"ಮಲಗ್ಲಿ ಬಿಡಕ್ಕ. ಅಜ್ಜಂದು ನಿದ್ದೆ ಆದ್ಮೇಲೆ ನನ್ ಕೂಸು ಮಲಗ್ತದೆ."

ಆ ಮನೆ ಈಗಿಲ್ಲ. ಎಲ್ಲಿತ್ತು ಅಂತ ಕೇಳಿದರೆ ನಾಲ್ಕು ಊರಿನವರು ನಮ್ಮಲ್ಲಿ ಅಂತಾರೆ. ಆದರೆ ನಮ್ಮ ಕಡೆ ಇವತ್ತಿಗೂ, ಸೂರು ಸಿಮೆಂಟಿನದಾದರೂ, ಜೋಲಿಯನ್ನು ಕಬ್ಬಿಣದ ಕೊಂಡಿಗೆ ಕಟ್ಟಿದ್ದರೂ, ಕೂಸಿಗಿಂತ ಮೊದಲು ಅಜ್ಜ ಅಂತ ಒಂದು ಕುಡಿಕೆಯನ್ನು ಮಲಗಿಸುತ್ತೇವೆ. ತಾಯಿಯೇ ತೂಗಬೇಕು. ಅವಸರ ಮಾಡುವಂತಿಲ್ಲ. ಅಜ್ಜನಿಗೆ ನಿದ್ದೆ ಬಂತಾ ಅಂತ ಸುತ್ತ ಕೂತವರು ಕೇಳಬೇಕು. ಬಂತು ಅಂತ ತಾಯಿಗೆ ಅನ್ನಿಸಿದಾಗ ಅವಳೇ ಹೇಳಬೇಕು, ಅಲ್ಲಿಯವರೆಗೆ ಕೂಸನ್ನು ಯಾರೂ ಅವಳ ಕೈಯಿಂದ ತೆಗೆದುಕೊಳ್ಳಬಾರದು.

ತಗೋ ತಾಯಿ, ಕುಡಿಕೆಯನ್ನು ಜೋಲಿಗೆ ಹಾಕು. ಮೆಲ್ಲಗೆ ತೂಗು. ನಾವು ಕಾಯುತ್ತೇವೆ.