ನಡುನೀರು

ನದಿಯ ಮೇಲೆ ಮಂಜಿತ್ತು. ಇಂಥ ಕಥೆಗಳಲ್ಲಿ ಇದ್ದೇ ಇರುತ್ತದೆ.

ದಂಡೆಯ ಕಲ್ಲಿನ ಮೇಲೆ ಇಂದುಧರ ಕೂತಿದ್ದ. ಹಿಂದೆ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದವನು. ಈಗ ಹಾಲಯ್ಯಜ್ಜನ ಆಶ್ರಮದಲ್ಲಿ ಅಂಗಳ ಗುಡಿಸಿಕೊಂಡು, ಉಳಿದ ಹೊತ್ತು ಮನಸ್ಸನ್ನು ನಿಲ್ಲಿಸಲು ನೋಡುತ್ತಿದ್ದ. ಕೋಣೆಯ ತೊಲೆಗೆ ದಾರ ಕಟ್ಟಿ, ದಾರಕ್ಕೊಂದು ಕಲ್ಲು ಕಟ್ಟಿ, ತೂಗಿಬಿಟ್ಟು, ಅದು ನಿಲ್ಲುವವರೆಗೆ ದಿಟ್ಟಿಸುತ್ತಿದ್ದ. ಕಲ್ಲೇನೋ ಪ್ರತಿಸಲವೂ ನಿಂತಿತ್ತು.

ಇವತ್ತು ಅವನಿಗೆ ಸನ್ಯಾಸ. ಅಡುಗೆಯವನು ಪಂಚೆಗೆ ಕಾವಿ ಹಾಕಿ ಹಗ್ಗದ ಮೇಲೆ ಒಣಹಾಕಿದ್ದ.

ಇವತ್ತೇ ಆಚೆ ದಂಡೆಯಲ್ಲಿ ಅವನ ಹೆಂಡತಿ ನೀಲಾಂಬಿಕೆ ಕಾಯುತ್ತಿದ್ದಳು. ಇಂಥ ಕಥೆಗಳಲ್ಲಿ ಹೆಂಡತಿ ಎಂದರೆ ಮಾಯೆ. ಈಕೆ ಒಂದು ಬ್ಯಾಗು, ಒಂದು ಸ್ಟೀಲಿನ ಟಿಫಿನ್ ಕ್ಯಾರಿಯರ್ ಹಿಡಿದು ಬಂದಿದ್ದಳು. ಅವಳು ಹೇಳಿಕಳಿಸಿದ್ದನ್ನು ನಿನ್ನೆ ಸಂಜೆ ಅಂಬಿಗ ನೀರಿನಿಂದಲೇ ಇಡೀ ಆಶ್ರಮಕ್ಕೆ ಕೇಳುವಂತೆ ಕೂಗಿದ್ದ.

“ಅಕ್ಕಾರು ಬೆಳಿಗ್ಗೆ ಮೊದಲ್ನೇ ಬಸ್ಸಿಗೆ ಹೊಕ್ಕಾರಂತ್ರೀ! ಇನ್ನೊಮ್ಮಿ ಬರಂಗಿಲ್ಲಂತ! ನೀವು ಬರೂದಿದ್ರ ಅಷ್ಟ್ರಾಗ ಬರಬೇಕಂತ!”

ಅಜ್ಜ ಬೇವಿನ ಕಡ್ಡಿ ಜಗಿಯುತ್ತ ಬಂದ.

“ಕಣ್ಣು ಕೆಂಪಗಾಗ್ಯಾವಲ್ಲೋ ತಮ್ಮಾ. ಧ್ಯಾನ ಜೋರಾತೇನು?”

“ನಿದ್ದಿ ಹತ್ತಲಿಲ್ರಿ ಅಜ್ಜಾರ. ಮನಸ್ಸು ಹೊಯ್ದಾಡಾಕತ್ತೈತಿ. ಈ ಕಡೆ ಬಂದ್ರ ಆ ಕಡೆ ಜಗ್ಗತೈತಿ, ಆ ಕಡೆ ಹೋದ್ರ ಈ ಕಡೆ.”

“ಅದಕ್ಕ ನಿಮ್ಮ ಪುಸ್ತಕದಾಗ ಏನಂತಾರ?”

“ಆಂದೋಲನ ಅಂತಾರ್ರಿ.”

“ರೋಗೇನು ಅದು?”

“ಅಲ್ರಿ. ಲೋಲಕದ ಗುಣ. ತೂಗಿ ತೂಗಿ ಕಡೀಕ ನಡುವ ನಿಲ್ಲತೈತಿ. ನನ್ನ ಮನಸ್ಸೂ ಹಂಗ ನಿಲ್ಲಲಿ. ಆಮ್ಯಾಲೆ ತೀರ್ಮಾನ ಮಾಡ್ತೀನಿ.”

“ನಡುವ ನಿಂತದ್ದು ಯಾ ಕಡೆ ಹೋದಂಗಾತು?”

ಇಂದುಧರ ಆಚೆ ದಂಡೆಯ ಮಂಜಿನ ಕಡೆ ನೋಡಿದ.

ಅಜ್ಜ ಕಡ್ಡಿ ಉಗುಳಿದ. “ಏಳು. ನಡುನೀರು ತರೂದೈತಿ.”

ಆ ಆಶ್ರಮದಲ್ಲೊಂದು ಪದ್ಧತಿ. ಕಾವಿ ಉಡುವವನು ತಾನೇ ಹರಿಗೋಲು ನಡೆಸಿಕೊಂಡು ಹೋಗಿ, ಹೊಳೆಯ ನಟ್ಟನಡುವಿನಿಂದ ಒಂದು ಕೊಡ ನೀರು ತರಬೇಕು. ಆ ನೀರಿನಲ್ಲೇ ಅವನ ಕೊನೆಯ ಸಂಸಾರಸ್ನಾನ. ಯಾಕೆ ಎಂದು ಯಾರೂ ಕೇಳಿರಲಿಲ್ಲ. ಪದ್ಧತಿಗಳ ಅನುಕೂಲವೇ ಅದು.

ಹರಿಗೋಲು ಎಂದರೆ ಬಿದಿರು ಹೆಣೆದ ದುಂಡನೆಯ ಬುಟ್ಟಿ. ಅದಕ್ಕೆ ಹಿಂದು ಮುಂದು ಇಲ್ಲ. ಅಜ್ಜ ಖಾಲಿ ಕೊಡವನ್ನು ತೊಡೆಯ ಮೇಲಿಟ್ಟುಕೊಂಡು ಕೂತ. ಇಂದುಧರ ಮೊಣಕಾಲೂರಿ ಹುಟ್ಟು ಹಿಡಿದ. ಹೊಯ್ದಾಡಿದ್ದು ಸಾಕು ಎಂದುಕೊಂಡು, ಹಲ್ಲು ಕಚ್ಚಿ, ಬಲಗಡೆಗೇ ಒಂದೇ ಸಮನೆ ಹಾಕತೊಡಗಿದ.

ಹರಿಗೋಲು ಗಿರ್ರನೆ ತಿರುಗಿತು.

“ಕಾವಿ,” ಅಂದ ಅಜ್ಜ, ದಂಡೆಯ ಹಗ್ಗ ಕಣ್ಣೆದುರು ಹಾದಾಗ. “ಮಂಜು... ಕಾವಿ... ಮಂಜು... ಛಲೋ ಐತಿ. ಕುಂತಲ್ಲೇ ಪ್ರದಕ್ಷಿಣಿ.”

“ಒಂದ ಕಡೆ ಗಟ್ಟಿಯಾಗಿ ನಿಂತೀನ್ರಿ ಅಜ್ಜಾರ!”

“ಕಾಣತೈತಿ.”

ಇಂದುಧರನಿಗೆ ಸಿಟ್ಟು ಬಂತು. ಹುಟ್ಟನ್ನು ಮೇಲೆತ್ತಿ, ಮಡಿಲಲ್ಲಿಟ್ಟುಕೊಂಡು, ಅಲುಗದೆ ಕೂತ. ತಿರುಗುವುದು ನಿಧಾನವಾಯಿತು, ನಿಂತಿತು. ಸದ್ದಿಲ್ಲದೆ ಹೊಳೆ ಬುಟ್ಟಿಯನ್ನು ಕೆಳಕ್ಕೆ ಒಯ್ಯತೊಡಗಿತು.

“ಈಗ ಸ್ಥಿರ ಆದಿ ನೋಡು,” ಅಂದ ಅಜ್ಜ. “ಹೊಳಿಗೂ ಅದ ಬೇಕಾಗಿತ್ತು. ಕೆಳಗ ಬಂಡೆಗಲ್ಲು ಅದಾವ.”

ಕಲ್ಲಿಗೆ ನೀರು ಬಡಿಯುವ ಸದ್ದು ಇಂದುಧರನಿಗೂ ಕೇಳಿತು. ಗಾಬರಿಯಿಂದ ಬಲಕ್ಕೊಮ್ಮೆ ಹಾಕಿದ. ಹರಿಗೋಲು ಹೊರಳಿತು. ಅದನ್ನು ಸರಿಪಡಿಸಲು ಎಡಕ್ಕೊಮ್ಮೆ ಹಾಕಿದ. ಮರಳಿ ಹೊರಳಿತು. ಬಲಕ್ಕೆ. ಎಡಕ್ಕೆ.

ತಲೆ ಅಲ್ಲಾಡಿಸುತ್ತ ಹರಿಗೋಲು ಮುಂದೆ ಹೊರಟಿತು.

ಮಂಜು ಸುತ್ತ ಮುಚ್ಚಿಕೊಂಡಿತು. ಈ ದಂಡೆಯೂ ಇಲ್ಲ, ಆ ದಂಡೆಯೂ ಇಲ್ಲ. ನೀರು ಎಲ್ಲಿ ಮುಗಿದು ಬಿಳುಪು ಎಲ್ಲಿ ಶುರುವಾಗುತ್ತದೋ ತಿಳಿಯದು. ಒಂದು ಬೆಳ್ಳಕ್ಕಿ ಯಾರದೋ ಕನಸಿನಿಂದ ಇನ್ನಾರದೋ ಕನಸಿಗೆ ಹಾರಿಹೋಯಿತು. ಹುಟ್ಟು ಆ ಕೊನೆಗೆ ಹೋಗಿ ಒಂದು ಗಳಿಗೆ ನಿಲ್ಲುತ್ತಿತ್ತು, ಈ ಕೊನೆಗೆ ಬಂದು ಒಂದು ಗಳಿಗೆ. ಎದೆಯ ಮುಂದೆ ಹಾಯುವಾಗಲೇ ಎಲ್ಲಕ್ಕಿಂತ ವೇಗ.

ಲೋಲಕದ ವೇಗ ನಡುವೆಯೇ ಹೆಚ್ಚು. ಇದನ್ನು ಅವನು ವರ್ಷ ವರ್ಷವೂ ಬೋರ್ಡಿನ ಮೇಲೆ ಬರೆದಿದ್ದ. ಪರೀಕ್ಷೆಗೆ ಬರುತ್ತದೆ ಎಂದೂ ಹೇಳಿದ್ದ. ನಡುವೆ ನಿಂತುಬಿಡುವುದು ತೂಗುವ ಕಸುವೆಲ್ಲ ತೀರಿಹೋದ ಕಲ್ಲು ಮಾತ್ರ.

ಮಂಜಿನೊಳಗೆಲ್ಲೋ ಬಸ್ಸಿನ ಹಾರ್ನ್ ಕೇಳಿತು.

ಹುಟ್ಟು ಚುರುಕಾಯಿತು. ಯಾಕೆ ಎಂದು ಇಂದುಧರ ತನ್ನನ್ನು ಕೇಳಿಕೊಳ್ಳಲಿಲ್ಲ. ತನ್ನನ್ನು ಕೇಳಿಕೊಳ್ಳದೆ ಅವನು ಏನನ್ನಾದರೂ ಮಾಡಿದ್ದು, ಈ ಆಶ್ರಮಕ್ಕೆ ಬಂದಮೇಲೆ ಇದೇ ಮೊದಲು.

ಮುಂದೆ ಏನೋ ಫಳಕ್ಕೆಂದಿತು. ಸ್ಟೀಲು. ಆಮೇಲೆ ಅದನ್ನು ಹಿಡಿದ ಕೈ ಕಂಡಿತು, ಆಮೇಲೆ ಹಸಿರು ಸೀರೆಯ ಅಂಚು.

“ಅಕ್ಕಾರ, ಹತ್ತತೀರೋ ಇಲ್ಲೋ?” ಕಂಡಕ್ಟರ್ ಕೂಗುತ್ತಿದ್ದ.

“ತಡಿಯಪಾ,” ಅಂದಳು ನೀಲಾಂಬಿಕೆ, ಹೊಳೆಯಿಂದ ಕಣ್ಣು ತೆಗೆಯದೆ.

ಇಂದುಧರನಿಗೆ ಆಗ ಕೊಡ ನೆನಪಾಯಿತು. ತಿರುಗಿ ನೋಡಿದ. ಅಜ್ಜನ ತೊಡೆಯ ಮೇಲೆ ಅದು ಖಾಲಿಯಾಗಿಯೇ ಇತ್ತು.

“ಅಜ್ಜಾರ, ನಡುನೀರು ಎಲ್ಲಿ ಬರತೈತ್ರಿ?”

ಅಜ್ಜ ಕೊಡವನ್ನು ಬೋರಲು ಹಾಕಿ, ಅದರ ಮೇಲೆ ಮೊಣಕೈ ಊರಿದ.

“ಅದನ್ನ ದಾಟಿ ಭಾಳ ಹೊತ್ತಾತಲ್ಲೋ ತಮ್ಮಾ.”