ಕರಡಿಯ ಹೊಟ್ಟೆಗೆ ಬೆಂಕಿಯಿಟ್ಟ ಕೆರಕ

ಒಂದು ಕಾಡಿನಲ್ಲಿ ಜೂಲಣ್ಣ ಎಂಬ ಕರಡಿಯಿದ್ದ. ಆದರೆ ಈ ಕಥೆ ನಡೆದದ್ದು ಕಾಡಿನಲ್ಲಲ್ಲ, ಜೂಲಣ್ಣನ ಹೊಟ್ಟೆಯೊಳಗೆ. ಮೂಗು ಮುಚ್ಚಿಕೊಳ್ಳುವವರು ಈಗಲೇ ಮುಚ್ಚಿಕೊಳ್ಳಿ.

ಅವನ ಕರುಳಿನಲ್ಲಿ ಹುಳಿಯಜ್ಜಿ ಎಂಬ ಸೂಕ್ಷ್ಮಜೀವಿ ಮಕ್ಕಳು ಮೊಮ್ಮಕ್ಕಳನ್ನು ಕಟ್ಟಿಕೊಂಡು ತಲೆಮಾರುಗಳಿಂದ ವಾಸವಾಗಿದ್ದಳು. ಜೂಲಣ್ಣ ಬೋರೆಹಣ್ಣು, ಹಲಸು ತಿಂದರೆ ಅವನಿಗೆ ಅರಗದ ನಾರೆಲ್ಲ ಇವರ ಪಾಲು. ಉಂಡು ಇವರು ಬಿಡುವ ಹುಳಿಯಿಂದ ಕರುಳಿನ ಗೋಡೆ ತಂಪಾಗಿ, ಗಟ್ಟಿಯಾಗಿ ಇರುತ್ತಿತ್ತು. ಇದ್ದ ಮನೆಯನ್ನು ಕಾಯ್ದುಕೊಂಡು ಬದುಕುವ ಮರ್ಯಾದಸ್ಥ ಕುಟುಂಬ.

ಒಂದು ದಿನ ಜೂಲಣ್ಣ ಬಾಯಿಚಪಲಕ್ಕೆ ಹೊಳೆದಂಡೆಯ ಕೊಳೆತ ಮೀನು ತಿಂದ. ಚಪ್ಪರಿಸಿಕೊಂಡೇ ತಿಂದ, ಅವನ ಬುದ್ಧಿಗಿಷ್ಟು ಮಣ್ಣು ಹಾಕ. ಮೀನಿನ ಜೊತೆ ಕೆರಕ ಎಂಬ ರೋಗಾಣು ಒಳಗೆ ಬಂದ. ಬಂದವನಿಗೆ ಉಣ್ಣಲು ಏನೂ ಇರಲಿಲ್ಲ. ಅಜ್ಜಿಯ ಮನೆಯವರು ಎಲೆ ಬಳಿದು ಉಂಡು ಮುಗಿಸಿದ್ದರು. ನಾರು ತಿನ್ನಲು ಕಲಿತುಕೋ, ನಿನಗೂ ಒಂದು ತುತ್ತು ಹಾಕುತ್ತೇನೆ ಎಂದಳು ಅಜ್ಜಿ. ಅಂಥದ್ದೆಲ್ಲ ತನ್ನ ಗಂಟಲಿಗೆ ಇಳಿಯದು ಎಂದು ಕೆರಕ ಮೂತಿ ತಿರುವಿದ.

ಅವನಿಗೊಂದು ಹಾಳು ಉಪಾಯ ಹೊಳೆಯಿತು. ಕರುಳಿನ ಗೋಡೆಯನ್ನು ಕೆರೆಯತೊಡಗಿದ. ಗೋಡೆ ಕೆಂಪಾಗಿ ಊದಿತು. ಮೈಯ ಕಾವಲುಗಾರರು ಓಡಿಬಂದು ಕಳ್ಳನನ್ನು ಸುಡಲು ಬೆಂಕಿಯುಗುಳಿದರು. ಕೆರಕನಿಗೆ ಅದು ತಾಗಲೇ ಇಲ್ಲ. ಆ ಬೆಂಕಿಗೆ ಕರುಳಿನ ಲೋಳೆ ಬೆಂದು ಬೇರೆಯೇ ಪದಾರ್ಥವಾಯಿತು, ಗಾಯವಾದ ಗೋಡೆಯಿಂದ ಸತ್ವ ಒಸರಿತು. ಅಜ್ಜಿಯ ಮನೆಯವರಿಗೆ ಅದು ವಿಷ. ಕೆರಕನಿಗೆ ಹೋಳಿಗೆ ಊಟ. ತಿಂದು ತಿಂದು ಉಬ್ಬಿದ, ಒಬ್ಬನಿದ್ದವನು ಊರೇ ಆದ. ಅಜ್ಜಿಯ ಮೊಮ್ಮಕ್ಕಳು ಕಣ್ಣೆದುರೇ ಸತ್ತರು. ಅಜ್ಜಿಗೆ ಅಳು ತಡೆಯಲಾಗಲಿಲ್ಲ.

"ಇರೋ ಮನೆಗೆ ಬೆಂಕಿ ಹಚ್ಚಿ ಅಡುಗೆ ಮಾಡ್ಕೋತೀಯಲ್ಲೋ, ಮನೆ ಬಿದ್ರೆ ನೀನೆಲ್ಲಿರ್ತೀಯ?" ಎಂದು ಕೇಳಿದಳು.

"ಬೀಳೋ ಮನೆ ಯಾರದೋ, ಉಣ್ಣೋ ಬಾಯಿ ನಂದು," ಎಂದು ಕೆರಕ ತೇಗಿದ.

ಬೆಂಕಿ ಆರಿದರೆ ಅವನ ಊಟ ನಿಲ್ಲುತ್ತಿತ್ತು. ಹಾಗಾಗಿ ಇನ್ನೂ ಜೋರಾಗಿ ಕೆರೆದ. ಹೊರಗೆ ಜೂಲಣ್ಣ ಹೊಟ್ಟೆ ಹಿಡಿದು ಹೊರಳಾಡುತ್ತಿದ್ದ. ಇವನು ಉಳಿಯುವುದಿಲ್ಲ ಎಂದು ಕಾಡಿಗೆ ಕಾಡೇ ಮಾತಾಡಿಕೊಂಡಿತು. ಅಷ್ಟರಲ್ಲಿ ಕರುಳು ಗುಡುಗಿತು. ಅಜ್ಜಿಗೆ ಆ ಸದ್ದಿನ ಅರ್ಥ ಗೊತ್ತಿತ್ತು. ಉಳಿದವರನ್ನು ಗೋಡೆಯ ಸಂದಿಗಳಿಗೆ ತಳ್ಳಿ, ಏನೇ ಆದರೂ ಹಿಡಿದ ಕೈ ಬಿಡಬೇಡಿ ಎಂದಳು. ಕೆರಕ ಮಾತ್ರ ಬಳಗದ ಜೊತೆ ನಟ್ಟನಡುವೆ ಊಟಕ್ಕೆ ಕೂತೇ ಇದ್ದ. ಜೂಲಣ್ಣ ಪೊದೆಯ ಹಿಂದಕ್ಕೆ ಓಡಿದ. ಮುಂದಿನದನ್ನು ನಾನು ಹೇಳುವುದಿಲ್ಲ. ಸದ್ದು ಆಚೆ ಗುಡ್ಡಕ್ಕೂ ಕೇಳಿಸಿತು.

ಜೂಲಣ್ಣ ತಿಳಿನೀರು ಕುಡಿದು ಮಲಗಿದ. ಚೇತರಿಸಿಕೊಂಡು ಮತ್ತೆ ಬೋರೆಹಣ್ಣು ತಿಂದ. ಅಜ್ಜಿಯ ಮನೆಯವರಿಗೆ ನಾರು ಸಿಕ್ಕಿತು, ಹುಳಿ ಹರಿಯಿತು, ಗೋಡೆ ತಣ್ಣಗಾಯಿತು. ಕಾವಲುಗಾರರು ಮನೆಗೆ ಹೋದರು. ಒಳಗೆ ಉಳಿದಿದ್ದ ಕೆರಕನ ನೆಂಟರು ಬೆಂಕಿಯಿಲ್ಲದೆ ಉಪವಾಸ ಬಿದ್ದು ಸತ್ತರು.

ಇತ್ತ ಪೊದೆಯ ಹಿಂದೆ ಕೆರಕ ಬಿಸಿಲಿಗೆ ಒಣಗುತ್ತಿದ್ದ. ಒಂದು ಸಗಣಿಹುಳ ಬಂದು ಅವನಿದ್ದ ರಾಶಿಯನ್ನೇ ಉಂಡೆ ಕಟ್ಟತೊಡಗಿತು.

"ನಾನ್ಯಾರು ಗೊತ್ತಾ? ಕರಡೀನೇ ಮಲಗಿಸಿದವನು," ಎಂದ ಕೆರಕ.

"ಇರಬಹುದಪ್ಪ. ನನಗೆ ಮಾತ್ರ ನೀನು ಇವತ್ತಿನ ಊಟ," ಎಂದು ಸಗಣಿಹುಳ ಉಂಡೆಯನ್ನು ಹಿಂಗಾಲಿನಿಂದ ಒದೆಯುತ್ತ ಮನೆಗೆ ಉರುಳಿಸಿಕೊಂಡು ಹೋಯಿತು.

ನೀತಿ: ಇರುವ ಮನೆಗೇ ಬೆಂಕಿಯಿಟ್ಟು ಉಣ್ಣುವವನ ಊಟ ಆ ಬೆಂಕಿ ಆರುವ ತನಕ ಮಾತ್ರ.