ಪಾಳಿ ಪುಸ್ತಕದ ಒಂದು ಸಾಲು

"ಅಕ್ಷರಗಳೆಲ್ಲ ಸರಿಯಾಗಿವೆ, ಅರ್ಥವೂ ತಿಳಿಯುತ್ತದೆ. ಹಾಗಿರುವಾಗ ಒಂದು ಅಲ್ಪವಿರಾಮ ಬಿಟ್ಟುಹೋದದ್ದನ್ನು ತಪ್ಪೆಂದು ಯಾಕೆ ಎಣಿಸಬೇಕು, ಗುರುಗಳೇ?"

ಕೇಳಿದವನು ನಾಗಭೂಷಣ. ಮಠದ ಪಾಠಶಾಲೆಯಲ್ಲಿ ಗುರುಗಳ ಬಳಿ ಇಂಗ್ಲಿಷ್ ಬರವಣಿಗೆ ಕಲಿಯುತ್ತಿದ್ದ. ಅಂದು ಅವನು ಬರೆದುಕೊಟ್ಟಿದ್ದ ಹಾಳೆ ಕೆಂಪು ಗುರುತುಗಳಿಂದ ತುಂಬಿ ಅವನ ಕೈಗೆ ಮರಳಿತ್ತು.

"ಓದುವವರು ಅಷ್ಟನ್ನು ತಾವೇ ತಿಳಿದುಕೊಳ್ಳಲಾರರೇ?" ಎಂದೂ ಸೇರಿಸಿದ.

ಗುರುಗಳು ಅವನಿಗೆ ಕುಳಿತುಕೊಳ್ಳಲು ಹೇಳಿ, ಈ ಕತೆಯನ್ನು ಹೇಳಿದರು.

ಒಂದು ಸಕ್ಕರೆ ಕಾರ್ಖಾನೆಯಲ್ಲಿ ಒಬ್ಬ ಮೇಲ್ವಿಚಾರಕನಿದ್ದ. ಅಲ್ಲಿ ಪ್ರತಿ ಪಾಳಿ ಮುಗಿದಾಗಲೂ ಆದ ಕೆಲಸವನ್ನು ಒಂದು ಪುಸ್ತಕದಲ್ಲಿ ಬರೆದಿಡಬೇಕಿತ್ತು. ಮುಂದಿನ ಪಾಳಿಯವರು ಅದನ್ನು ಓದಿಯೇ ಕೆಲಸಕ್ಕೆ ಇಳಿಯುತ್ತಿದ್ದರು. ಎಂಜಿನಿಯರುಗಳು ಹೊರರಾಜ್ಯದವರಾದ್ದರಿಂದ ಬರೆಯುವುದು ಇಂಗ್ಲಿಷಿನಲ್ಲಿ. ಈ ಮೇಲ್ವಿಚಾರಕನ ಕೈಬರಹ ಮುತ್ತು ಪೋಣಿಸಿದಂತಿತ್ತು. ಆದರೆ ಆ ಸಾಲುಗಳಲ್ಲಿ ಎಲ್ಲಿಯೂ ಒಂದು ಚುಕ್ಕೆಯಾಗಲಿ ಅಲ್ಪವಿರಾಮವಾಗಲಿ ಇರುತ್ತಿರಲಿಲ್ಲ. ಯಾರಾದರೂ ಹೇಳಿದರೆ ನಗುತ್ತಿದ್ದ.

"ಚುಕ್ಕೆ ಇಟ್ಟುಕೊಂಡು ಕೂರೋಕೆ ನಾನೇನು ರಂಗೋಲಿ ಹಾಕ್ತಿದ್ದೀನಾ?" ಎನ್ನುತ್ತಿದ್ದ.

ಕಬ್ಬು ಅರೆಯುವ ಹಂಗಾಮು ಮುಗಿಯಿತು. ಸಕ್ಕರೆ ತೆಗೆದ ಮೇಲೆ ಉಳಿಯುವ ಕಾಕಂಬಿಯನ್ನು ತುಂಬಿಡುವ ದೊಡ್ಡ ಕಬ್ಬಿಣದ ಟ್ಯಾಂಕುಗಳನ್ನು ಖಾಲಿ ಮಾಡಿ ತೊಳೆಯುವ ಕೆಲಸ ಶುರುವಾಯಿತು. ಖಾಲಿಯಾದ ಟ್ಯಾಂಕಿನ ತಳದಲ್ಲಿ ಕಾಕಂಬಿ ಉಳಿದು ಹುಳಿತರೆ ಅಲ್ಲಿ ವಿಷದ ಗಾಳಿ ನಿಲ್ಲುತ್ತದೆ. ತೊಳೆದು, ಫ್ಯಾನು ಹಚ್ಚಿ, ಗಾಳಿ ಆಡಿಸಿದ ಮೇಲೆಯೇ ಮನುಷ್ಯ ಒಳಗೆ ಇಳಿಯಬೇಕು. ಗಾಳಿಯನ್ನು ಪರೀಕ್ಷಿಸುವ ಯಂತ್ರ ಕೆಟ್ಟು ಎರಡು ತಿಂಗಳಾಗಿತ್ತು. ಎಲ್ಲರೂ ಪುಸ್ತಕವನ್ನೇ ನಂಬಿದ್ದರು.

ಆ ದಿನ ಬೆಳಗಿನ ಪಾಳಿಯಲ್ಲಿ ಎರಡನೆಯ ಟ್ಯಾಂಕನ್ನು ತೊಳೆದರು. ಮೂರನೆಯದನ್ನು ಮುಟ್ಟಲಿಲ್ಲ. ಮೇಲ್ವಿಚಾರಕ ಪುಸ್ತಕ ತೆರೆದ. ಗೇಟಿನ ಬಳಿ ಕಾರ್ಖಾನೆಯ ಬಸ್ಸು ಹಾರನ್ ಹೊಡೆಯುತ್ತಿತ್ತು. 'ಟ್ಯಾಂಕ್ ಟು ನಾಟ್ ಟ್ಯಾಂಕ್ ತ್ರೀ ಕ್ಲೀನ್ಡ್' ಎಂದು ಒಂದೇ ಉಸಿರಿಗೆ ಬರೆದು, ರುಜು ಹಾಕಿ, ಓಡಿ ಬಸ್ಸು ಹತ್ತಿದ. ತೊಳೆದದ್ದು ಎರಡನೆಯ ಟ್ಯಾಂಕು, ಮೂರನೆಯದಲ್ಲ ಎಂಬುದು ಅವನ ಮನಸ್ಸಿನಲ್ಲಿದ್ದ ಅರ್ಥ.

ಮಧ್ಯಾಹ್ನದ ಪಾಳಿಗೆ ಒಬ್ಬ ವೆಲ್ಡರ್ ಬಂದ. ಟ್ಯಾಂಕುಗಳ ಒಳಗೆ ತುಕ್ಕು ತಿಂದ ಜಾಗಕ್ಕೆ ತೇಪೆ ಹಾಕುವುದು ಅವನ ಕೆಲಸ. ಹತ್ತನೆಯ ತರಗತಿಯವರೆಗೆ ಓದಿದ್ದ. ಪುಸ್ತಕದ ಸಾಲನ್ನು ತನ್ನ ಜೊತೆಗಾರನಿಗೆ ಕೇಳುವಂತೆ ಬೆರಳಿಟ್ಟು ಓದಿದ. 'ನಾಟ್' ಎಂಬ ಮಾತಾದ ಮೇಲೆ ಓದು ನಿಲ್ಲಿಸಿ, ಮತ್ತೆ ಮುಂದುವರಿಸಿದ.

"ಎರಡನೇದು ಆಗಿಲ್ಲ. ಮೂರನೇದು ತೊಳ್ದಿದ್ದಾರೆ. ನಡಿ, ಅಲ್ಲೇ ಶುರು ಮಾಡೋಣ," ಎಂದ.

ಮೂರನೆಯ ಟ್ಯಾಂಕಿನ ಬಾಯಿಂದ ಏಣಿ ಇಳಿಯತೊಡಗಿದ. ಅರ್ಧ ಇಳಿದಿದ್ದಾಗ ಕೈ ಸಡಿಲವಾಯಿತು. ಅವನು ಕೂಗಲೂ ಇಲ್ಲ. ಕೆಳಗೆ ಬಿದ್ದ ಸದ್ದು ಮಾತ್ರ ಕೇಳಿತು. ಜೊತೆಗಾರ ಒಂದು ಕಾಲನ್ನು ಏಣಿಯ ಮೇಲಿಟ್ಟವನು ಹಿಂದಕ್ಕೆ ತೆಗೆದು, ಸಹಾಯಕ್ಕೆ ಓಡಿದ. ಹಗ್ಗ ಕಟ್ಟಿ ಮೇಲೆ ತರುವಷ್ಟರಲ್ಲಿ ಒಂದು ಗಂಟೆಯಾಗಿತ್ತು. ವೆಲ್ಡರ್ ಸತ್ತಿದ್ದ.

ಸಂಜೆಗೆ ಮೇಲ್ವಿಚಾರಕನನ್ನು ಮನೆಯಿಂದ ಕರೆಸಿದರು. ಕಾರ್ಖಾನೆಯ ಮ್ಯಾನೇಜರು ಪಾಳಿ ಪುಸ್ತಕವನ್ನು ಅವನ ಮುಂದಿಟ್ಟರು.

"ನಾಳೆ ವಿಚಾರಣೆಗೆ ಅಧಿಕಾರಿ ಬರ್ತಾರೆ. ನೀವು ಬರೆದದ್ದು ಸ್ಪಷ್ಟವಾಗಿದೆಯಾ, ಒಂದು ಸಲ ನೋಡ್ಕೊಳ್ಳಿ," ಎಂದು ಹೇಳಿ, ಹೊರಗೆ ಹೋಗಿ ಬಾಗಿಲು ಎಳೆದುಕೊಂಡರು.

ಮೇಲ್ವಿಚಾರಕ ತನ್ನ ಸಾಲನ್ನು ಓದಿದ. ತನಗೆ ಬೇಕಾದ ಅರ್ಥವೇ ಬಂತು. ಇನ್ನೊಮ್ಮೆ, ಸತ್ತವನು ಓದಿರಬಹುದಾದಂತೆ 'ನಾಟ್' ಆದ ಮೇಲೆ ನಿಲ್ಲಿಸಿ ಓದಿದ. ಆ ಅರ್ಥವೂ ಬಂತು. ಬರೆದ ಪೆನ್ನು ಅಂಗಿಯ ಜೇಬಿನಲ್ಲೇ ಇತ್ತು. 'ಟು' ಆದ ಮೇಲೆ ಒಂದು, 'ತ್ರೀ' ಆದ ಮೇಲೆ ಒಂದು. ಎಲ್ಲಿ ಹಾಕಬೇಕೆಂದು ಅವನು ಯೋಚಿಸಬೇಕಾಗಲಿಲ್ಲ. ಎರಡು ಅಲ್ಪವಿರಾಮಗಳನ್ನು ಹಾಕಿ, ಶಾಯಿ ಆರುವವರೆಗೆ ಊದಿ, ಪುಸ್ತಕ ಮುಚ್ಚಿದ.

ಮರುದಿನ ಅಧಿಕಾರಿ ಆ ಸಾಲನ್ನು ಗಟ್ಟಿಯಾಗಿ ಓದಿದರು. ಅಲ್ಪವಿರಾಮ ಇದ್ದಲ್ಲೆಲ್ಲ ನಿಂತು ಓದಿದರು.

"ಇದರಲ್ಲಿ ಗೊಂದಲ ಏನಿದೆ? ಎರಡನೇ ಟ್ಯಾಂಕು ಅಂತ ನೇರವಾಗಿ ಬರೆದಿದ್ದಾರಲ್ಲ," ಎಂದರು.

ಜೊತೆಗಾರ ಎದ್ದು ನಿಂತ. "ಸಾಹೇಬ್ರೇ, ಅವನು ನನ್ನೆದುರಿಗೇ ಬೆರಳಿಟ್ಟು ಓದಿದ. ಆವಾಗ ಅಲ್ಲಿ ಈ ಗುರುತು ಇರಲಿಲ್ಲ."

"ನಿಮಗೆ ಇಂಗ್ಲಿಷ್ ಓದೋಕೆ ಬರುತ್ತಾ?"

"ಇಲ್ಲ, ಸಾಹೇಬ್ರೇ."

ಅಧಿಕಾರಿ ಮತ್ತೇನೂ ಕೇಳಲಿಲ್ಲ. ಜೊತೆಗಾರ ಮೇಲ್ವಿಚಾರಕನ ಮುಖ ನೋಡಿದ. ಮೇಲ್ವಿಚಾರಕ ತನ್ನ ಚಪ್ಪಲಿ ನೋಡುತ್ತಿದ್ದ. ಬರೆದದ್ದನ್ನು ಸರಿಯಾಗಿ ಓದದೆ, ತನ್ನದೇ ಅಜಾಗರೂಕತೆಯಿಂದ ವೆಲ್ಡರ್ ಸತ್ತನೆಂದು ವರದಿಯಾಯಿತು.

ಒಂದು ತಿಂಗಳ ಬಳಿಕ ವೆಲ್ಡರನ ಹೆಂಡತಿ ಮೇಲ್ವಿಚಾರಕನ ಮನೆಗೆ ಬಂದಳು. ಕುರ್ಚಿ ತೋರಿಸಿದರೂ ಅವಳು ಕೂರಲಿಲ್ಲ.

"ಒಂದು ಮಾತು ಕೇಳೋಣ ಅಂತ ಬಂದೆ, ಸಾರ್. ನಿಜವಾಗ್ಲೂ ನಮ್ಮನೆಯವರಿಗೆ ಇಂಗ್ಲಿಷ್ ಓದೋಕೆ ಬರ್ತಿರಲಿಲ್ವಾ?"

ಅವನು ಕುರ್ಚಿಯನ್ನು ಇನ್ನಷ್ಟು ಅವಳ ಬಳಿಗೆ ಎಳೆದ.

"ಮಗಳಿಗೆ ದಿನಾ ಅವರೇ ಇಂಗ್ಲಿಷ್ ಪಾಠ ಹೇಳಿಕೊಡ್ತಿದ್ರು. ಈಗ ಅವಳು ಆ ಪುಸ್ತಕಾನೇ ಮುಟ್ಟಲ್ಲ. ಅಪ್ಪ ಕಲಿಸಿದ್ದೆಲ್ಲ ತಪ್ಪಾಗಿರಬೇಕು ಅಂತಾಳೆ. ನೀವು ದೊಡ್ಡವರು, ಬರೆದೋರು. ನೀವು ಏನು ಹೇಳ್ತೀರೋ ಅದನ್ನೇ ಹೋಗಿ ಅವಳಿಗೆ ಹೇಳ್ತೀನಿ."

ಮೇಲ್ವಿಚಾರಕ ನಿಜ ಹೇಳಲು ಬಾಯಿ ತೆರೆದ. ಅಡುಗೆಮನೆಯಿಂದ ಅವನ ಹೆಂಡತಿ ಇಣುಕಿ ನೋಡಿದಳು. ಒಳಗೆ ಅವನ ಮಕ್ಕಳು ಊಟಕ್ಕೆ ಕೂತಿದ್ದರು.

"ಓದೋಕೆ ಬರ್ತಿತ್ತಮ್ಮ," ಎಂದ. "ಅವಸರದಲ್ಲಿ ಓದಿರಬೇಕು."

ಅವಳು ತಲೆಯಾಡಿಸಿದಳು. "ಅವಸರದೋರಲ್ಲ ಅವರು," ಎಂದು ತನಗೆ ತಾನೇ ಅಂದುಕೊಂಡಂತೆ ಹೇಳಿ, ಮೆಟ್ಟಿಲು ಇಳಿದು ಹೋದಳು.

ಅಂದಿನಿಂದ ಮೇಲ್ವಿಚಾರಕ ಚುಕ್ಕೆ ತಪ್ಪದಂತೆ ಬರೆಯತೊಡಗಿದ. ಬರೆದದ್ದನ್ನು ಮೂರು ಸಲ ಓದುತ್ತಿದ್ದ. ಎಷ್ಟೋ ದಿನ ಬಸ್ಸು ಅವನನ್ನು ಬಿಟ್ಟೇ ಹೊರಡುತ್ತಿತ್ತು. ಹೊಸದಾಗಿ ಸೇರಿದವರಿಗೆ ಮ್ಯಾನೇಜರು ಅವನ ಪುಟಗಳನ್ನೇ ಮಾದರಿಯೆಂದು ತೋರಿಸುತ್ತಿದ್ದರು. ಆಗೆಲ್ಲ ಅವನು ಎದ್ದು ಹೊರಗೆ ಹೋಗುತ್ತಿದ್ದ. ವೆಲ್ಡರನ ಮನೆಯಿದ್ದ ಬೀದಿಯಲ್ಲಿ ಅವನು ಮತ್ತೆ ನಡೆಯಲಿಲ್ಲ. ಆ ಹುಡುಗಿ ಶಾಲೆ ಬಿಟ್ಟಳೆಂದು ಯಾರೋ ಹೇಳಿದರು. ಅವನು ಕೇಳಿಸದವನಂತೆ ಬರೆಯುತ್ತಲೇ ಇದ್ದ.

ಗುರುಗಳು ಕತೆ ನಿಲ್ಲಿಸಿದರು.

ನಾಗಭೂಷಣ ಕೇಳಿದ: "ಆದದ್ದು ಆಗಿಹೋಯಿತು, ಗುರುಗಳೇ. ಅಷ್ಟಾದ ಮೇಲಾದರೂ ಅಲ್ಪವಿರಾಮ ಎಲ್ಲಿ ಬೇಕೆಂಬುದನ್ನು ಅವನು ಕಲಿತನಲ್ಲವೇ?"

ಗುರುಗಳು ಹೇಳಿದರು: "ಅದು ಅವನಿಗೆ ಮೊದಲೇ ಗೊತ್ತಿತ್ತು, ಮಗು; ಇನ್ನೊಬ್ಬನ ಜೀವಕ್ಕೆ ಬೇಕಾಗಿದ್ದಾಗ ಹಾಕಲಿಲ್ಲ, ತನ್ನ ಕುತ್ತಿಗೆಗೆ ಬಂದಾಗ ಹಾಕಿದ."